ಬನ್ನಿ ಎನ್ನದ ಮನೆ

ಕೇತಮಾರನಹಳ್ಳಿಯಲ್ಲಿ ಕೆಂಚಪ್ಪನ ಮನೆ ಯಾವುದು ಎಂದರೆ, ಯಾವ ಕೆಂಚಪ್ಪ ಎಂದು ಕೇಳಿದವರನ್ನೇ ತಿರುಗಿ ಕೇಳುತ್ತಿದ್ದರು. ದವಡೆ ಕೆಂಚಪ್ಪ ಎಂದರೆ ಸಾಕು, ಹಾಲು ಕರೆಯುತ್ತಿದ್ದವರೂ ಎದ್ದು ಬಂದು ದಾರಿ ತೋರಿಸುತ್ತಿದ್ದರು. ಆ ಹೊತ್ತಿಗೆ ಊರಿನ ರಾಗಿ ಹೊಲಗಳಲ್ಲೆಲ್ಲ ಸೈಟಿನ ಕಲ್ಲು ನೆಟ್ಟು, ಸುತ್ತಲೂ ರಾಜಾಜಿನಗರದ ಹೊಸ ಬ್ಲಾಕುಗಳು ಏಳುತ್ತಿದ್ದವು. ಹಳೇ ಊರು ನಡುವೆ ಸಿಕ್ಕಿಹಾಕಿಕೊಂಡಿತ್ತು. ಕೆಂಚಪ್ಪನ ನಾಡಹೆಂಚಿನ ಮನೆ ಗುಡಿಯ ಹಿಂದಿನ ಬೀದಿಯಲ್ಲಿ ಕೊನೆಯದು.

ಉಳುಕಿದ ಕಾಲು, ಜಾರಿದ ತೋಳು ನೋಡುವವರು ಆಗ ಊರಿಗೊಬ್ಬರು ಇರುತ್ತಿದ್ದರು. ದವಡೆ ಹಿಡಿಯುವವನು ಮಾಗಡಿ ರಸ್ತೆಯ ಕಡೆಗೆಲ್ಲ ಇವನೊಬ್ಬನೇ. ದೊಡ್ಡದಾಗಿ ಆಕಳಿಸಿ ದವಡೆ ಜಾರಿಸಿಕೊಂಡವರು, ಅನ್ನ ಅಗಿಯುವಾಗ ಕಿವಿಯ ಮುಂದೆ ಕಟಕ್ ಎಂದು ಸದ್ದಾಗುವವರು, ಬಾಯಿ ಒಂದು ಬೆರಳಿನಷ್ಟು ಮಾತ್ರ ತೆರೆಯುವವರು, ಎಲ್ಲರೂ ಇಲ್ಲಿಗೇ ಬರಬೇಕು. ಚಿಕ್ಕಂದಿನಲ್ಲಿ ಕುಸ್ತಿ ಕಲಿಯಲೆಂದು ಗರಡಿಗೆ ಹೋಗಿ ಮೂರು ಸಲ ಮಣ್ಣು ಮುಕ್ಕಿದಾಗ, ಉಸ್ತಾದ್ ಮುನಿರಾಮಯ್ಯ ಇವನ ಕೈ ಹಿಡಿದು ನೋಡಿ, ‘ಇದು ಬೇರೆ ಕೆಲಸದ ಕೈ ಕಣೋ’ ಎಂದು ಪಕ್ಕಕ್ಕೆ ಕೂರಿಸಿಕೊಂಡು ವಿದ್ಯೆ ಕಲಿಸಿದರು. ವಿದ್ಯೆಯ ಜೊತೆಗೆ ಒಂದು ಕಟ್ಟಳೆಯನ್ನೂ ಕಲಿಸಿದರು.

ಮೂಳೆ ನೋಡುವ ಮನೆಯಲ್ಲಿ ಯಾರಿಗೂ ‘ಬನ್ನಿ’ ಎನ್ನಬಾರದು. ಹೊರಡುವವರು ‘ಹೋಗಿ ಬರ್ತೀನಿ’ ಎನ್ನಬಾರದು. ಹಾಗೆ ಅಂದುಬಿಟ್ಟರೆ ನೋವೂ ಹಿಂದೆಯೇ ಬರುತ್ತದೆ. ‘ಗುಣ ಆಯ್ತು’ ಎಂದು ವೈದ್ಯ ಹೇಳಿದ ಕೂಡಲೇ ರೋಗಿ ಎದ್ದು, ಮಾತಾಡದೆ, ಹಿಂತಿರುಗಿ ನೋಡದೆ ಹೊರಟುಹೋಗಬೇಕು. ವೈದ್ಯನೂ ಬೇರೆಯವರ ಮನೆಯಿಂದ ಹೊರಡುವಾಗ ಬರ್ತೀನಿ ಎಂದು ನಾಲಿಗೆ ಜಾರಿಸಬಾರದು. ಮೂಳೆ ನೋಡುವವನು ಮತ್ತೆ ಬರುತ್ತೇನೆ ಎಂದರೆ ಆ ಮನೆಯಲ್ಲಿ ಯಾರ ಕಾಲು ಮುರಿಯಬೇಕು ಹೇಳಿ! ಈ ಕಟ್ಟಳೆ ಊರಿಗೆಲ್ಲ ಗೊತ್ತಿತ್ತು, ಎಲ್ಲರೂ ಚಾಚೂ ತಪ್ಪದೆ ಪಾಲಿಸುತ್ತಿದ್ದರು. ಮೂವತ್ತು ವರ್ಷಗಳಲ್ಲಿ ಕೆಂಚಪ್ಪನ ಮನೆಗೆ ಸಾವಿರಾರು ಜನ ಬಂದಿದ್ದರು. ಒಬ್ಬರೂ ಹೇಳಿ ಹೋದದ್ದಿಲ್ಲ.

ಇನ್ನೊಂದು ತೊಡಕೂ ಇತ್ತು. ದವಡೆ ಸಡಿಲಿಸಬೇಕಾದರೆ ಎರಡೂ ಹೆಬ್ಬೆರಳಿಗೆ ಬಟ್ಟೆ ಸುತ್ತಿ, ರೋಗಿಯ ಬಾಯೊಳಗೆ ಇಟ್ಟು, ಹಿಂದಿನ ಹಲ್ಲುಗಳ ಮೇಲೆ ಕೆಳಮುಖವಾಗಿ ನಿಧಾನಕ್ಕೆ ಒತ್ತಬೇಕು. ಜಗತ್ತಿನ ಬಾಯಿಗೆಲ್ಲ ಹೋಗಿಬಂದ ಕೈ ಅದು. ಎಷ್ಟು ಸೀಗೆಪುಡಿ ಹಾಕಿ ತೊಳೆದರೂ ಊರಿನವರಿಗೆ ಅದು ಎಂಜಲು ಕೈಯೇ. ಕೆಂಚಪ್ಪ ಕೊಟ್ಟ ನೀರನ್ನು ಯಾರೂ ಕುಡಿಯುತ್ತಿರಲಿಲ್ಲ. ತಮ್ಮ ಬಾಯಿಗೇ ಆ ಬೆರಳು ಇಡಿಸಿಕೊಂಡವರು ಮರುದಿನ ಮದುವೆ ಊಟದ ಪಂಕ್ತಿಯಲ್ಲಿ ಅವನ ಪಕ್ಕ ಕೂರಲು ಹಿಂಜರಿಯುತ್ತಿದ್ದರು. ಈ ಜನರ ಬುದ್ಧಿಗೆ ಏನೆನ್ನಬೇಕೋ! ಹೆಂಡತಿ ಇದ್ದಷ್ಟು ದಿನ ಇದೆಲ್ಲ ಅವನಿಗೆ ದೊಡ್ಡದಾಗಿ ಕಂಡಿರಲಿಲ್ಲ. ಅವಳು ಹೋಗಿ ಹದಿನಾರು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಸಂಜೆಗೆ ಒಂದೇ ಒಂದು ಮುದ್ದೆ ತೊಳಸಿ, ಒಲೆಯ ಮುಂದೆಯೇ ಕೂತು ನುಂಗಿ, ತಟ್ಟೆ ತೊಳೆದು ಬೋರಲು ಹಾಕುವುದು ಅವನ ದಿನಚರಿ.

ಚನ್ನವೀರಪ್ಪನವರು ಬಂದದ್ದು ರಾಜ್ಯ ಒಂದಾದ ಮರುವರ್ಷ, ಸಂಕ್ರಾಂತಿ ಕಳೆದ ವಾರಕ್ಕೆ. ಧಾರವಾಡದ ಕಚೇರಿಯಿಂದ ಬೆಂಗಳೂರಿಗೆ ಬಂದ ಗುಮಾಸ್ತರು, ಐವತ್ತು ದಾಟಿದವರು. ಹೆಂಡತಿ ನೀಲಮ್ಮ, ಬಾಣಂತಿ ಮಗಳು ಗದಗಿನಲ್ಲಿ. ಇವರು ರಾಜಾಜಿನಗರದಲ್ಲಿ ವಿಮಲಮ್ಮನವರ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗೆ ಒಬ್ಬರೇ. ವಿಮಲಮ್ಮ ಈ ಊರಿನಲ್ಲೇ ಹುಟ್ಟಿ ಬೆಳೆದವರು, ಹಿಂದೆ ಕೆಂಚಪ್ಪನ ಕೈಯಲ್ಲಿ ಗುಣವಾದವರು. ಅವರೇ ಚನ್ನವೀರಪ್ಪನವರನ್ನು ಕರೆತಂದು ಜಗಲಿಯ ಮೇಲೆ ಕೂರಿಸಿದರು.

“ಕೆಂಚಪ್ಪಣ್ಣ, ಇವ್ರು ರಾತ್ರಿಯೆಲ್ಲ ಹಲ್ಲು ಕಡೀತಾರೆ. ಗೋಡೆ ಆಚೆಗೆ ಕೇಳ್ಸುತ್ತೆ. ಈಗ ಬಾಯೇ ತೆಗಿಯಕ್ಕಾಗ್ತಿಲ್ಲ. ಹಲ್ಲು ನೋಯ್ತಿದೆ ಅಂತ ಒಳ್ಳೇ ಹಲ್ಲು ಒಂದು ಕೀಳಿಸ್ಕೊಂಡೂ ಬಂದ್ರು. ಊರಿಂದ ಹೆಂಡ್ತಿ ಡಬ್ಬಿ ತುಂಬ ಖಡಕ್ ರೊಟ್ಟಿ ಕಳ್ಸಿದಾರೆ, ಎರಡು ತಿಂಗಳಿಂದ ಮುಚ್ಚಳ ತೆಗ್ದಿಲ್ಲ. ಗಂಜಿ ಕುಡ್ಕೊಂಡಿದಾರೆ.”

ಕೆಂಚಪ್ಪ ಮೊದಲು ಬಾಯಿ ಮುಟ್ಟುವವನಲ್ಲ. ಎದುರು ಕೂತು ರೋಗಿ ಹೇಗೆ ಕೂರುತ್ತಾನೆ, ಕತ್ತು ಯಾವ ಕಡೆ ವಾಲುತ್ತದೆ, ಉಸಿರು ಎಲ್ಲಿ ತಡೆಯುತ್ತದೆ ಎಂದು ನೋಡುವನು. ಆಮೇಲೆ ಹೆಗಲು, ಆಮೇಲೆ ಕತ್ತಿನ ಹಿಂಭಾಗ. ಕೊನೆಗೆ ಕಿವಿಯ ಮುಂದೆ ಎರಡೂ ಕಡೆ ಬೆರಳ ತುದಿ ಇಟ್ಟು, “ಮೆಲ್ಲಗೆ ಬಾಯ್ ತೆಗೀರಿ ಸ್ವಾಮಿ” ಎನ್ನುವನು. ಚನ್ನವೀರಪ್ಪನವರ ಬಾಯಿ ಒಂದು ಬೆರಳು ತೆರೆದು ಅಲ್ಲಿಗೇ ನಿಂತಿತು. ಎಡಗಡೆಯ ಕೀಲು ಕಲ್ಲಿನ ಹಾಗೆ ಬಿಗಿದಿತ್ತು.

“ಎಷ್ಟು ದಿನದಿಂದ ಮಾತು ಬಿಟ್ಟಿದೀರಿ?” ಎಂದ ಕೆಂಚಪ್ಪ.

ಚನ್ನವೀರಪ್ಪನವರು ಬೆಚ್ಚಿ ನೋಡಿದರು. ಕಚೇರಿಯಲ್ಲಿ ಇವರು ಬಾಯಿ ತೆರೆದರೆ ಪಕ್ಕದ ಮೇಜಿನವರು ಮುಸಿಮುಸಿ ನಗುತ್ತಿದ್ದರು. ‘ಹೌದ್ರೀ, ಅಲ್ರೀ’ ಎಂದು ಅಣಕಿಸುತ್ತಿದ್ದರು. ಇವರು ಮಾತು ಕಡಿಮೆ ಮಾಡುತ್ತಾ ಮಾಡುತ್ತಾ ನಿಲ್ಲಿಸಿಯೇಬಿಟ್ಟಿದ್ದರು. ಹಗಲು ನುಂಗಿದ್ದನ್ನೆಲ್ಲ ರಾತ್ರಿ ಹಲ್ಲಿನಲ್ಲಿ ಕಡಿಯುತ್ತಿದ್ದರು. ಇದನ್ನೆಲ್ಲ ಆ ಒಂದು ಬೆರಳಿನ ಸಂದಿಯಿಂದಲೇ ಅರ್ಧ ಗಂಟೆ ಹೇಳಿದರು. ಕೆಂಚಪ್ಪ ಉಪ್ಪಿನ ಗಂಟು ಬಿಸಿ ಮಾಡಿ ಕೆನ್ನೆಗೆ ಶಾಖ ಕೊಡುತ್ತಾ ಕೇಳಿದ.

“ತುಟಿ ಕೂಡಿರ್ಲಿ ಸ್ವಾಮಿ, ಹಲ್ಲು ಕೂಡಬಾರ್ದು. ನಾಲಿಗೆ ತುದಿ ಮೇಲಕ್ಕೆ ಅಂಟಿಸ್ಕೊಂಡು ಬಾಯಿ ತೆಗೆದು ಮುಚ್ಚಿ, ದಿನಾ ಇಪ್ಪತ್ತು ಸಲ. ಸಂಜೆ ಹೊತ್ತು ಇಲ್ಲಿ ಕೂತ್ಕೊಳ್ಳಿ.”

ಬನ್ನಿ ಎನ್ನುವಂತಿಲ್ಲವಲ್ಲ, ಹಾಗಾಗಿ ‘ಕೂತ್ಕೊಳ್ಳಿ’ ಎನ್ನುವುದು ಅವನ ರೂಢಿ. ಹೊರಡುವಾಗ ಚನ್ನವೀರಪ್ಪನವರು ಕೈ ಮುಗಿದು ‘ಬರ್ತೇ...’ ಎನ್ನುವಷ್ಟರಲ್ಲಿ ವಿಮಲಮ್ಮ ಅವರ ತೋಳು ಹಿಡಿದು ಜಗ್ಗಿ, ಕಟ್ಟಳೆಯನ್ನು ಕಿವಿಯಲ್ಲಿ ಊದಿದರು.

“ಇದೇನ್ ಪದ್ಧತಿರೀ?” ಎಂದರು ಅವರು. “ನಮ್ಮ ಕಡೆ ಹೇಳದ ಎದ್ದು ಹೋದ್ರ, ಸಿಟ್ಟಾಗಿ ಹೋದ್ರು ಅಂತಾರ.”

ಮರುದಿನದಿಂದ ಅವರು ಕಚೇರಿ ಮುಗಿಸಿಕೊಂಡು ನೇರ ಇಲ್ಲಿಗೇ ಬರತೊಡಗಿದರು. ಹರಳೆಣ್ಣೆ ತೀಡಿ, ಶಾಖ ಕೊಟ್ಟು, ಬೆರಳಿಟ್ಟು ಒತ್ತಿದ ಮೇಲೆ ಒಂದು ಗಳಿಗೆ ಸುಮ್ಮನೆ ಕೂರಬೇಕು, ತಕ್ಷಣ ಗಾಳಿಗೆ ಹೋಗಬಾರದು. ಆ ಒಂದು ಗಳಿಗೆ ದಿನದಿನಕ್ಕೆ ಉದ್ದವಾಯಿತು. ಗದಗಿನ ಹತ್ತಿಯ ಮಾತು, ನೀಲಮ್ಮನ ಮುಂಗೋಪದ ಮಾತು, ಗರಡಿಯಲ್ಲಿ ಕೆಂಚಪ್ಪ ಮಣ್ಣು ಮುಕ್ಕಿದ ಮಾತು. ಒಂದು ದಿನ ಕೆಂಚಪ್ಪ ತನಗೆಂದು ಮಜ್ಜಿಗೆ ಬಗ್ಗಿಸಿಕೊಳ್ಳುತ್ತಿದ್ದಾಗ ಚನ್ನವೀರಪ್ಪನವರು ಕೈ ಚಾಚಿದರು.

“ನನ್ನ ಕೈಯಿಂದ ಯಾರೂ ಏನೂ ಕುಡಿಯಲ್ಲ ಸ್ವಾಮಿ” ಎಂದ ಕೆಂಚಪ್ಪ.

“ನಿಮ್ಮ ಎರಡೂ ಹೆಬ್ಬೆರಳು ಈಗಷ್ಟ ನನ್ನ ಬಾಯಾಗ ಇದ್ದೂವು. ಇನ್ನ ಮಜ್ಜಿಗಿಗೆ ಎಲ್ಲೀ ಮಡೀರಿ? ಕೊಡ್ರಿ ಇಲ್ಲಿ.”

ಕೆಂಚಪ್ಪ ನಕ್ಕ. ಆಮೇಲೆ ಲೋಟ ತೊಳೆಯುವ ನೆಪದಲ್ಲಿ ಒಳಗೆ ಹೋಗಿ ಒಲೆಯ ಹತ್ತಿರ ಸ್ವಲ್ಪ ಹೊತ್ತು ನಿಂತಿದ್ದು, ಕಣ್ಣು ಒರೆಸಿಕೊಂಡು ಬಂದ. ಮನೆಯಲ್ಲಿ ಎರಡನೆಯ ಲೋಟಕ್ಕೆ ಕೆಲಸ ಬಿದ್ದು ಹದಿನಾರು ವರ್ಷವಾಗಿತ್ತು.

ಹೇಳದೆ ಹೋಗುವುದು ಮಾತ್ರ ಚನ್ನವೀರಪ್ಪನವರಿಗೆ ಒಗ್ಗಲೇ ಇಲ್ಲ. ನಾಲ್ಕು ದಿನ ಚಡಪಡಿಸಿ, ಕೊನೆಗೆ ಒಂದು ಉಪಾಯ ಕಂಡುಕೊಂಡರು. ಕರೀ ಟೋಪಿ ತಲೆಗಿಟ್ಟುಕೊಂಡು, ಹೊಸ್ತಿಲು ದಾಟಿ, ಬೀದಿಯ ಕಡೆ ಮುಖ ಮಾಡಿ, “ನಾಳೆ ಗುರುವಾರ” ಎಂದರು.

ಕೆಂಚಪ್ಪನಿಗೆ ಅರ್ಥವಾಯಿತು. “ಹೂಂ, ಗುರುವಾರ” ಎಂದ.

ಅಂದಿನಿಂದ ಅದೇ ಅವರ ವಿದಾಯ. ನಾಳೆ ಶುಕ್ರವಾರ, ನಾಳೆ ಶನಿವಾರ. ಭಾನುವಾರವೂ ಬಂದರು. ಸಂಜೆ ನಾಲ್ಕಾಯಿತೆಂದರೆ ಕೆಂಚಪ್ಪ ಜಗಲಿ ಗುಡಿಸಿ, ಚಾಪೆ ಹಾಕಿ, ಬೀದಿಯ ತುದಿ ನೋಡುತ್ತಾ ಕೂರುವುದನ್ನು ಊರಿನವರು ಕಂಡು ಮುದುಕನಿಗೆ ಏನೋ ಹಿಡಿದಿದೆ ಎಂದು ನಕ್ಕರು. ನಗಲಿ ಬಿಡಿ, ಹೊಟ್ಟೆ ತುಂಬಿದವರಿಗೆ ಹಸಿವು ನಗೆಯಾಗಿಯೇ ಕಾಣುತ್ತದೆ.

ಹದಿನಾಲ್ಕನೆಯ ದಿನ ಕೆಂಚಪ್ಪ ಪರೀಕ್ಷೆ ಮಾಡಿದ. ರೋಗಿ ತನ್ನವೇ ಮೂರು ಬೆರಳನ್ನು ಒಂದರ ಮೇಲೊಂದು ನಿಲ್ಲಿಸಿ ಹಲ್ಲುಗಳ ನಡುವೆ ತೂರಿಸಬೇಕು. ತೂರಿದರೆ ದವಡೆ ಸರಿಯಾಯಿತೆಂದೇ ಲೆಕ್ಕ. ಚನ್ನವೀರಪ್ಪನವರ ಮೂರು ಬೆರಳೂ ಸಲೀಸಾಗಿ ಹೋದವು. ಕೀಲು ಎಣ್ಣೆ ಬಿಟ್ಟ ಬಾಗಿಲಿನ ಹಾಗೆ ಸದ್ದಿಲ್ಲದೆ ತಿರುಗಿತು. ‘ಗುಣ ಆಯ್ತು’ ಎನ್ನಬೇಕು. ಅಂದರೆ ಇವರು ಎದ್ದು, ಟೋಪಿ ಇಟ್ಟುಕೊಂಡು, ಹಿಂತಿರುಗಿ ನೋಡದೆ ಹೋಗಬೇಕು. ಗುಣವಾದವರು ಮತ್ತೆ ಈ ಬೀದಿಗೆ ಕಾಲಿಡುವುದಿಲ್ಲ.

“ಎಡಗಡೆ ಇನ್ನೂ ಸ್ವಲ್ಪ ಬಿಗಿ ಇದೆ ಸ್ವಾಮಿ. ಇನ್ನೊಂದು ಎಂಟು ದಿನ ಬೇಕಾಗುತ್ತೆ” ಎಂದುಬಿಟ್ಟ.

ಮೂವತ್ತು ವರ್ಷದಲ್ಲಿ ರೋಗಿಗೆ ಹೇಳಿದ ಮೊದಲ ಸುಳ್ಳು. ವಾಸಿಯಾದ ಕೀಲನ್ನು ಒತ್ತಿದರೆ ಕೆಡುತ್ತದೆ ಎಂದು ಉಸ್ತಾದರು ಹೇಳಿದ್ದರು. ಹಾಗಾಗಿ ಮರುದಿನದಿಂದ ಕೆಂಚಪ್ಪ ಬಾಯಲ್ಲಿ ಹೆಬ್ಬೆರಳು ಇಟ್ಟ, ಒತ್ತಲಿಲ್ಲ. ಸುಮ್ಮನೆ ಇಟ್ಟುಕೊಂಡು ಮನಸ್ಸಿನಲ್ಲಿ ನೂರು ಎಣಿಸಿ ತೆಗೆಯುತ್ತಿದ್ದ. ಮುಖ ಕೊಟ್ಟು ನೋಡಲು ನಾಚಿಕೆಯಾಗಿ ಸೂರಿನ ಕಡೆ ನೋಡುತ್ತಿದ್ದ. ಚನ್ನವೀರಪ್ಪನವರೂ ಬಾಯಿ ತೆರೆದುಕೊಂಡು ಸೂರನ್ನೇ ನೋಡುತ್ತಿದ್ದರು. ಎಂಟು ದಿನ ಮುಗಿದಾಗ “ಇನ್ನೊಂದು ವಾರ” ಎಂದ.

ಅದಾದ ಎರಡನೆಯ ಸಂಜೆ ಚನ್ನವೀರಪ್ಪನವರು ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟು, “ಗದಗಿಗೆ ವರ್ಗ ಆತ್ರಿ” ಎಂದರು. “ಆರ್ಡರ್ ಬಂದು ನಾಕು ದಿನ ಆತು. ಮೊಮ್ಮಗಳ ಮುಖ ಇನ್ನಾ ನೋಡಿಲ್ಲ. ನೀಲಮ್ಮ ಎರಡು ಪತ್ರ ಹಾಕ್ಯಾಳ, ಯಾವಾಗ ಬರ್ತೀರಿ ಅಂತ.”

ಕೆಂಚಪ್ಪ ಅವರ ಕಡೆ ತಿರುಗಿದ. “ಮತ್ತೆ ಯಾಕೆ ಹೊರಟಿಲ್ಲ?”

“ನೀವು ಇನ್ನೊಂದು ವಾರ ಅಂದೀರಲ್ಲ. ಅರ್ಧಕ್ಕ ಬಿಟ್ಟು ಹ್ಯಾಂಗ ಹೋಗೂದು? ಮುಗಿಸ್ಕೊಂಡ ಹೋಗ್ತೇನಿ.”

ಕೆಂಚಪ್ಪನಿಗೆ ತಾನು ಮಾಡುತ್ತಿರುವುದು ಏನೆಂದು ಆಗ ಕಣ್ಣಿಗೆ ಕಟ್ಟಿತು. ಅಲ್ಲೊಂದು ಮನೆಯಲ್ಲಿ ಹೆಂಗಸು ದಿನವೂ ಬಾಗಿಲು ನೋಡುತ್ತಿದ್ದಾಳೆ, ಇಲ್ಲಿ ತಾನು ಚಾಪೆ ಹಾಸಿಕೊಂಡು ಅವಳ ಗಂಡನನ್ನು ಸುಳ್ಳಿನಲ್ಲಿ ಕಟ್ಟಿಹಾಕಿದ್ದೇನೆ. ಹೇಳಿದರೆ ಈ ಮನುಷ್ಯ ಇವತ್ತೇ ಹೋದ. ಹೇಳದಿದ್ದರೆ ಇನ್ನೂ ಐದು ಸಂಜೆ ಸಿಗುತ್ತದೆ. ಐದು ಸಂಜೆ ಎಂದರೆ ಅವನಿಗೆ ಬಹಳವಾಗಿತ್ತು. ಹೆಬ್ಬೆರಳಿನ ಬಟ್ಟೆ ಬಿಚ್ಚಿ, ಮಡಿಚಿ, ಮತ್ತೆ ಬಿಚ್ಚಿದ.

“ಸ್ವಾಮಿ, ನಿಮ್ಮ ದವಡೆ ಗುಣ ಆಗಿ ಹತ್ತು ದಿನ ಆಯ್ತು. ನಾನೇ ಹೇಳ್ಲಿಲ್ಲ. ತಪ್ಪಾಯ್ತು.” ತಲೆ ಎತ್ತಲಿಲ್ಲ. “ಗುಣ ಆಯ್ತು.”

ಚನ್ನವೀರಪ್ಪನವರು ಅವನನ್ನೇ ನೋಡಿದರು. ಏನೋ ಹೇಳಲು ಬಾಯಿ ತೆರೆದರು, ಚೆನ್ನಾಗಿ ಮೂರು ಬೆರಳಿನಷ್ಟು ತೆರೆದರು. ಮತ್ತೆ ಮುಚ್ಚಿದರು. ಟೋಪಿ ತಲೆಗಿಟ್ಟುಕೊಂಡು ಎದ್ದು, ಹೊಸ್ತಿಲು ದಾಟಿ ಹೋದರು. ತಿರುಗಿ ನೋಡಲಿಲ್ಲ. ನಾಳೆ ಯಾವ ವಾರವೆಂದೂ ಹೇಳಲಿಲ್ಲ.

ಕೆಂಚಪ್ಪ ಅಲ್ಲೇ ಕೂತ. ಕಟ್ಟಳೆ ಅಂದರೆ ಇದೇ, ಗುಣವಾದವರು ಹೀಗೇ ಹೋಗಬೇಕು. ಆದರೆ ಅವರ ಕಡೆ ಹೇಳದೆ ಎದ್ದು ಹೋದರೆ ಸಿಟ್ಟಂತೆ. ಇವರು ಹೋದದ್ದು ನಮ್ಮ ಊರಿನ ಪ್ರಕಾರವೋ, ಅವರ ಊರಿನ ಪ್ರಕಾರವೋ? ಮೂವತ್ತು ವರ್ಷ ಎಷ್ಟೋ ಜನ ಬೆನ್ನು ತೋರಿಸಿ ಹೋಗುವುದನ್ನು ನೋಡಿದವನಿಗೆ ಈ ಒಂದು ಬೆನ್ನಿನ ಅರ್ಥ ತಿಳಿಯಲಿಲ್ಲ. ಮರುದಿನ ನಾಲ್ಕಕ್ಕೆ ಜಗಲಿ ಗುಡಿಸಿದ. ಅದರ ಮರುದಿನವೂ ಗುಡಿಸಿದ. ಎರಡನೆಯ ಲೋಟವನ್ನು ಬೋರಲು ಹಾಕಲು ಮನಸ್ಸು ಬರಲಿಲ್ಲ. ಹಲ್ಲು ಕೂಡಬಾರದು ಎಂದು ಊರಿಗೆಲ್ಲ ಬುದ್ಧಿ ಹೇಳುವವನು ತಾನೇ ಹಲ್ಲು ಕಚ್ಚಿಕೊಂಡು ಕೂತಿರುವುದು ಗೊತ್ತಾಗಿ, ಕೆನ್ನೆ ಉಜ್ಜಿಕೊಂಡ.

ಆರನೆಯ ದಿನ ತಡೆಯಲಾಗಲಿಲ್ಲ. ಒಗೆದ ಪಂಚೆ ಉಟ್ಟು ಹೊರಟ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿದ. ಬಯ್ಯಲಿ, ಬಯ್ಯಿಸಿಕೊಂಡೇ ಬರೋಣ, ಬಯ್ಗುಳವಾದರೂ ಒಂದು ಮಾತಲ್ಲವೇ ಎಂದುಕೊಂಡ. ವಿಮಲಮ್ಮನ ಮನೆಯ ಮುಂದಿನ ಕೋಣೆಗೆ ಬೀಗ ಬಿದ್ದಿತ್ತು.

“ನಿನ್ನೆ ಹೋದ್ರಲ್ಲ ಕೆಂಚಪ್ಪಣ್ಣ, ಹುಬ್ಬಳ್ಳಿ ರೈಲಿಗೆ” ಎಂದರು ವಿಮಲಮ್ಮ. “ನಿಮ್ಮನೆಗೆ ಹೋಗಿ ಹೇಳಿ ಬರ್ತೀನಿ ಅಂತ ಎರಡು ಸಲ ಟೋಪಿ ಇಟ್ಕೊಂಡು ಹೊರಟ್ರು. ನಾನೇ ಬೈದು ಕೂರಿಸ್ದೆ. ಗುಣ ಆದ್ಮೇಲೆ ಮೂಳೆ ನೋಡೋರ ಮನೆಗೆ ಹೋಗ್ತಾರೇನ್ರೀ, ಮತ್ತೆ ಬಾಯಿ ಕಟ್ಕೊಂಡ್ರೆ ಏನ್ ಗತಿ ಅಂದೆ. ಸರಿ ತಾನೆ?”

“ಸರಿ” ಎಂದ ಕೆಂಚಪ್ಪ. “ಸಿಟ್ಟಲ್ಲಿ ಇದ್ರಾ?”

“ಸಿಟ್ಟು ಯಾತಕ್ಕೆ?”

“ವಾಸಿಯಾದ್ಮೇಲೂ ಹತ್ತು ದಿನ ಸುಮ್ನೆ ಕರ್ಸ್ಕೊಂಡೆ. ಅವರಿಗೆ ಆಮೇಲೆ ಗೊತ್ತಾಯ್ತು.”

ವಿಮಲಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಒಳಗೆ ಹೋಗಿ ಒಂದು ತಗಡಿನ ಡಬ್ಬಿ ತಂದು ಅವನ ಮುಂದೆ ಬಗ್ಗಿಸಿ ತೋರಿಸಿದರು. ತಳದಲ್ಲಿ ಜೋಳದ ರೊಟ್ಟಿಯ ಪುಡಿ ಮಾತ್ರ ಇತ್ತು.

“ಆಮೇಲೇನು ಗೊತ್ತಾಗೋದು! ನೀವು ಇನ್ನೂ ಎಂಟು ದಿನ ಅಂದ್ರಲ್ಲ, ಅವತ್ತು ರಾತ್ರಿನೇ ಈ ಡಬ್ಬಿ ತೆಗೆದ್ರು. ಕಟಕಟ ಅಂತ ಖಡಕ್ ರೊಟ್ಟಿ ಕಡಿಯೋ ಸದ್ದು ನಮ್ಮ ಅಡಿಗೆಮನೆಗೆ ಕೇಳ್ಸ್ತು. ಏನ್ರೀ, ಗುಣ ಆಯ್ತಲ್ಲ, ಇನ್ಯಾಕೆ ಹೋಗ್ತೀರಿ ಅಂದೆ. ‘ಹೆಬ್ಬೆರಳು ಇಡ್ತಾರ, ಒತ್ತಂಗಿಲ್ಲ. ಇರ್ಲಿ ಬಿಡ್ರಿ, ಒಬ್ರೇ ಇರ್ತಾರ’ ಅಂದ್ರು. ವರ್ಗದ ಆರ್ಡರ್ ಬಂದ್ಮೇಲೂ ಅದೇ ಮಾತು. ನಿಮಗೆ ಹೇಳ್ಬಿಟ್ರೆ ನೀವು ನಾಚ್ಕೋತೀರಿ ಅಂತ ಸುಮ್ನಿದ್ರು.”

ಕೆಂಚಪ್ಪ ಡಬ್ಬಿಯೊಳಗೆ ನೋಡುತ್ತಾ ನಿಂತ. ಹತ್ತು ಸಂಜೆ. ಇಬ್ಬರಿಗೂ ಗೊತ್ತಿದ್ದು, ಇಬ್ಬರೂ ಸೂರು ನೋಡುತ್ತಾ, ಒಬ್ಬನ ಬಾಯಲ್ಲಿ ಇನ್ನೊಬ್ಬನ ಬೆರಳು ಸುಮ್ಮನೆ ಇಟ್ಟುಕೊಂಡು ಕೂತಿದ್ದರು. ಅಷ್ಟು ಹೊತ್ತು ಇನ್ನೂ ಎಷ್ಟು ಮಾತಾಡಬಹುದಿತ್ತು ಎಂದುಕೊಂಡ. ಮೂವತ್ತು ವರ್ಷದಲ್ಲಿ ಆ ಮನೆಗೆ ನೋವಿಲ್ಲದೆ ಬಂದವರು ಒಬ್ಬರೇ ಒಬ್ಬರು, ಅವರು ಬಂದದ್ದು ಅವರು ಹೋದ ಮೇಲೆ ಗೊತ್ತಾಯಿತು.

“ಕೂತ್ಕೊಳ್ಳಿ, ಕಾಫಿ ತರ್ತೀನಿ” ಎಂದರು ವಿಮಲಮ್ಮ.

“ಬೇಡಮ್ಮ. ನಿಮ್ಮತ್ರ ಕಾರ್ಡು ಇದ್ಯಾ? ನಂಗೆ ಬರೆಯಕ್ಕೆ ಬರಲ್ಲ. ಗದಗಿಗೆ ಒಂದು ಬರ್ಕೊಡಿ.”

ವಿಮಲಮ್ಮ ಕಾರ್ಡು, ಪೆನ್ಸಿಲು ತಂದು, ಚನ್ನವೀರಪ್ಪನವರು ಗೂಡಿನಲ್ಲಿ ಬಿಟ್ಟುಹೋಗಿದ್ದ ಚೀಟಿ ನೋಡಿಕೊಂಡು ಮೊದಲು ವಿಳಾಸ ಬರೆದರು. ಆಮೇಲೆ ಕಾರ್ಡು ತಿರುಗಿಸಿ, “ಹೂಂ, ಹೇಳಿ” ಎಂದರು.

ಕೆಂಚಪ್ಪನಿಗೆ ಕಟ್ಟಳೆ ನೆನಪಿಗೆ ಬಂತು, ಉಸ್ತಾದರ ಮುಖವೂ ಬಂತು. ನೋವಿನಿಂದ ಬಂದವರನ್ನು ಕರೆದರೆ ನೋವು ಬರುತ್ತದೆ, ಸರಿ. ನೋವಿಲ್ಲದೆ ಬಂದವರನ್ನು ಕರೆದರೆ ಏನು ಬರುತ್ತದೆ? ಉಸ್ತಾದರು ಅದನ್ನು ಹೇಳಿರಲಿಲ್ಲ. ಅವರ ಮನೆಗೂ ಅಂಥವರು ಯಾರೂ ಬಂದಿರಲಿಲ್ಲವೇನೋ, ಪಾಪ.

“ಬನ್ನಿ ಅಂತ ಬರೀರಿ” ಎಂದ.

“ಆಮೇಲೆ?”

“ಅಷ್ಟೇ.”

“ಯಾವತ್ತು ಬರ್ಬೇಕು ಅಂತ?”

“ಯಾವ ವಾರ ಆದ್ರೂ ಸರಿ.”

ವಿಮಲಮ್ಮ ಅವನ ಮುಖ ನೋಡಿ, ‘ಬನ್ನಿ’ ಎಂದಷ್ಟೇ ಬರೆದರು. ಕೆಂಚಪ್ಪ ಕಾರ್ಡು ಇಸಿದುಕೊಂಡು, ಓದಲು ಬಾರದಿದ್ದರೂ ಆ ಎರಡು ಅಕ್ಷರದ ಮೇಲೆ ಹೆಬ್ಬೆರಳು ಆಡಿಸಿದ. ಉಳಿದ ಜಾಗವೆಲ್ಲ ಖಾಲಿ ಇತ್ತು. ಅಂಚೆ ಡಬ್ಬಿ ಬೀದಿಯ ಕೊನೆಯಲ್ಲಿದೆ ಎಂದು ವಿಮಲಮ್ಮ ಕೈ ತೋರಿಸಿದರು, ಅವನು ಆ ಕಡೆ ನಡೆದ.